ಹೂ ಅರಳಿದ ದಿನ ಬರೆದಿಟ್ಟವರು

ಅಮೆರಿಕದ ಬಾಸ್ಟನ್ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ರಿಚರ್ಡ್ ಪ್ರೈಮ್ಯಾಕ್ ಅವರಿಗೆ 2003ರಲ್ಲಿ ಒಂದು ವಿಚಿತ್ರ ಕೊರತೆ ಎದುರಾಯಿತು. ಭೂಮಿ ಬಿಸಿಯಾಗುತ್ತಿರುವುದರಿಂದ ತಮ್ಮ ಸೀಮೆಯ ಗಿಡಮರಗಳಿಗೆ ಏನಾಗಿದೆ ಎಂದು ತಿಳಿಯಲು ಅವರು ಹೊರಟಿದ್ದರು. ಯಾವ ಗಿಡ ಈಗ ಎಂದು ಹೂ ಬಿಡುತ್ತದೆ ಎಂಬುದನ್ನು ಹೋಗಿ ನೋಡಬಹುದು. ಆದರೆ ನೂರೈವತ್ತು ವರ್ಷಗಳ ಹಿಂದೆ ಎಂದು ಬಿಡುತ್ತಿತ್ತು? ತಾಪಮಾನದ ದಾಖಲೆಗಳು ಹವಾಮಾನ ಕೇಂದ್ರಗಳಲ್ಲಿ ಸಿಗುತ್ತವೆ. ಹೂವಿನ ಲೆಕ್ಕ ಇಟ್ಟವರು ಯಾರು? ತಿಂಗಳುಗಟ್ಟಲೆ ಹುಡುಕಿದ ಮೇಲೆ ಉತ್ತರ ಸಿಕ್ಕಿದ್ದು ಸಾಹಿತಿಯೊಬ್ಬನ ಕೈಬರಹದ ಹಾಳೆಗಳಲ್ಲಿ.

ಆ ಸಾಹಿತಿ ಹೆನ್ರಿ ಡೇವಿಡ್ ಥೋರೋ. ಕನ್ನಡದ ಓದುಗರಿಗೆ ಈ ಹೆಸರು ಹೆಚ್ಚಾಗಿ ಪರಿಚಿತವಾಗಿರುವುದು ಗಾಂಧೀಜಿಯವರ ಮೂಲಕ. ಅನ್ಯಾಯದ ಕಾನೂನನ್ನು ಮುರಿಯುವ ಹಕ್ಕಿನ ಬಗ್ಗೆ ಥೋರೋ ಬರೆದ ಪ್ರಬಂಧವನ್ನು ಗಾಂಧೀಜಿ ದಕ್ಷಿಣ ಆಫ್ರಿಕಾದಲ್ಲಿದ್ದಾಗ ಓದಿ ಮೆಚ್ಚಿಕೊಂಡಿದ್ದರು. ವಾಲ್ಡನ್ ಕೊಳದ ದಡದಲ್ಲಿ ಗುಡಿಸಲು ಕಟ್ಟಿಕೊಂಡು 1845ರಿಂದ 1847ರವರೆಗೆ ಆತ ಬದುಕಿದ ಕಥೆಯೂ ಪ್ರಸಿದ್ಧವೇ. ಆದರೆ ಆತ ಜೀವಮಾನವಿಡೀ ಮಾಡಿದ ಕೆಲಸ ಬೇರೆಯೇ ಇತ್ತು. 1837ರ ಅಕ್ಟೋಬರ್ 22ರಂದು, ಇಪ್ಪತ್ತರ ಹರೆಯದಲ್ಲಿ ತೆರೆದ ದಿನಚರಿಯನ್ನು 1861ರ ನವೆಂಬರ್‌ವರೆಗೆ ಬರೆಯುತ್ತಲೇ ಹೋದ. ಒಟ್ಟು 20 ಲಕ್ಷಕ್ಕೂ ಹೆಚ್ಚು ಪದಗಳು. ಆತ ತೀರಿಕೊಂಡ ಎಷ್ಟೋ ಕಾಲದ ನಂತರ, 1906ರಲ್ಲಿ, ಅದು 14 ಸಂಪುಟಗಳಾಗಿ ಅಚ್ಚಾಯಿತು.

ಆರಂಭದ ವರ್ಷಗಳ ಬರಹದಲ್ಲಿ ತತ್ವಚಿಂತನೆಯೇ ಹೆಚ್ಚು. 1850ರ ಆಸುಪಾಸಿನಲ್ಲಿ ದಿನಚರಿಯ ಸ್ವರೂಪವೇ ಬದಲಾಯಿತು. ಹುಟ್ಟೂರು ಕಾನ್‌ಕಾರ್ಡ್‌ನ ಕಾಡು, ಜೌಗು, ಹೊಲಗಳಲ್ಲಿ ದಿನವೂ ಗಂಟೆಗಟ್ಟಲೆ ತಿರುಗಾಡಿ, ಕಂಡಿದ್ದನ್ನು ದಿನಾಂಕದೊಂದಿಗೆ ಗುರುತು ಹಾಕಿಕೊಳ್ಳತೊಡಗಿದ. ಹೊಟ್ಟೆಪಾಡಿಗೆ ಭೂಮಾಪನ ಮಾಡುತ್ತಿದ್ದವನಿಗೆ ಅಳತೆಯ ಗೀಳು ಸಹಜ. ಆತನ ಊರುಗೋಲಿನ ಮೇಲೆಯೇ ಅಡಿ-ಅಂಗುಲಗಳ ಗೆರೆಗಳಿದ್ದವು. ಗಿಡಗಳನ್ನು ಅದುಮಿಡಲು ಒಂದು ಹಳೆಯ ಸಂಗೀತ ಪುಸ್ತಕ. ಟೊಪ್ಪಿಯ ಒಳಗೆ, ಕಿತ್ತ ಸಸ್ಯಗಳು ಬಾಡದಂತೆ ಇಡಲು ಒಂದು ಪುಟ್ಟ ಅಟ್ಟ. ಜೇಬಿನಲ್ಲಿ ಟಿಪ್ಪಣಿ ಪುಸ್ತಕ ಮತ್ತು ಪೆನ್ಸಿಲ್. ಪೆನ್ಸಿಲಿಗಂತೂ ಬರವಿರಲಿಲ್ಲ; ಮನೆಯವರದು ಪೆನ್ಸಿಲ್ ತಯಾರಿಕೆಯ ಕಸುಬು!

ಬಯಲಿನಲ್ಲಿ ಗೀಚಿದ ಚುಟುಕು ಟಿಪ್ಪಣಿಯನ್ನು ಥೋರೋ ಸಾಮಾನ್ಯವಾಗಿ ಮರುದಿನ ಬೆಳಿಗ್ಗೆ ಕುಳಿತು ವಿಸ್ತರಿಸಿ ಬರೆಯುತ್ತಿದ್ದ. ಒಂದು ಗಿಡ ಹೂ ಬಿಡುವ ಸರಿಯಾದ ದಿನ ತಪ್ಪಿಹೋಗಬಾರದೆಂದು ಅದೇ ಗಿಡದ ಬಳಿಗೆ ಮತ್ತೆ ಮತ್ತೆ ನಡೆದು ಹೋಗುತ್ತಿದ್ದ. ‘ಇಂದು ಇನ್ನೂ ಅರಳಿಲ್ಲ’ ಎನ್ನುವುದೂ ಆತನಿಗೆ ಬರೆಯಬೇಕಾದ ಸಂಗತಿಯೇ. ಹೀಗೆ 1852ರಿಂದ 1858ರವರೆಗೆ 500ಕ್ಕೂ ಹೆಚ್ಚು ಬಗೆಯ ಗಿಡಗಳು ಹೂ ಬಿಟ್ಟ ದಿನಗಳನ್ನು ಕಲೆಹಾಕಿದ. ಕಡೆಯ ವರ್ಷಗಳಲ್ಲಿ ಅದನ್ನೆಲ್ಲ ತಿಂಗಳುವಾರು ದೊಡ್ಡ ಹಾಳೆಗಳಿಗೆ ಇಳಿಸಿ, ತನ್ನ ಊರಿಗೊಂದು ಪ್ರಕೃತಿಯ ಪಂಚಾಂಗ ಸಿದ್ಧಪಡಿಸುವ ಯೋಚನೆಯಲ್ಲಿದ್ದ. ಕ್ಷಯರೋಗ ಬಿಡಲಿಲ್ಲ. 1862ರ ಮೇ 6ರಂದು, 44ನೇ ವಯಸ್ಸಿನಲ್ಲಿ ತೀರಿಕೊಂಡಾಗ ಪಂಚಾಂಗ ಅರ್ಧಕ್ಕೇ ನಿಂತಿತು.

ಇಂಥ ಬರವಣಿಗೆ ಥೋರೋನಿಂದಲೇ ಆರಂಭವಾಯಿತೆಂದಲ್ಲ. ಮೊಗಲ್ ಬಾದಶಹ ಜಹಾಂಗೀರ್ (ಆಳ್ವಿಕೆ 1605-1627) ಪರ್ಷಿಯನ್ ಭಾಷೆಯಲ್ಲಿ ಬರೆದ ಆತ್ಮಕಥನದಲ್ಲಿ ಯುದ್ಧ, ದರ್ಬಾರುಗಳ ನಡುವೆ ಒಂದು ಜೋಡಿ ಸಾರಸ ಕೊಕ್ಕರೆಗಳೂ ಬರುತ್ತವೆ. ಅವುಗಳಿಗೆ ಲೈಲಾ-ಮಜ್ನೂ ಎಂದು ಹೆಸರು. ಅವು ಕೂಡಿದ್ದು, ಮೊಟ್ಟೆಯಿಟ್ಟದ್ದು, ಗಂಡು-ಹೆಣ್ಣು ಸರದಿಯಲ್ಲಿ ಕಾವು ಕೊಟ್ಟದ್ದು ಎಲ್ಲವನ್ನೂ ದೊರೆ ಬರೆಸಿದ್ದಾನೆ. ಅರಮನೆಯ ಕುತೂಹಲ ಎಂದು ತಳ್ಳಿಹಾಕುವಂತಿಲ್ಲ; ಹಕ್ಕಿತಜ್ಞ ಸಲೀಂ ಅಲಿ ಮೊಗಲ್ ಅರಸರನ್ನು ಪ್ರಕೃತಿ ವೀಕ್ಷಕರಾಗಿ ಪರಿಗಣಿಸಿ ಲೇಖನಮಾಲೆಯನ್ನೇ ಬರೆದಿದ್ದಾರೆ.

ಇಂಗ್ಲೆಂಡಿನ ನಾರ್ಫಕ್‌ನಲ್ಲಿ ರಾಬರ್ಟ್ ಮಾರ್ಶಮ್ ಎಂಬ ಜಮೀನುದಾರ 1736ರಲ್ಲಿ ವಸಂತದ ಕುರುಹುಗಳನ್ನು ಬರೆದಿಡಲು ಆರಂಭಿಸಿದ. ಮೊದಲ ಹೂವು, ಮೊದಲ ಚಿಗುರು, ಮೊದಲ ಕೋಗಿಲೆಯ ಕೂಗು ಹೀಗೆ. ಆತನ ವಂಶಸ್ಥರು ಅದನ್ನು 1958ರವರೆಗೂ ಮುಂದುವರಿಸಿದರು. ಆತನ ಸಮಕಾಲೀನ ಗಿಲ್ಬರ್ಟ್ ವೈಟ್, ಸೆಲ್‌ಬೋರ್ನ್ ಎಂಬ ಹಳ್ಳಿಯ ಪಾದ್ರಿ. 1751ರಲ್ಲಿ ತನ್ನ ಕೈತೋಟದ ಬಿತ್ತನೆ-ಕೊಯ್ಲುಗಳ ಲೆಕ್ಕ ಬರೆಯಲು ಕುಳಿತವನು ಕ್ರಮೇಣ ಬೇಲಿಯಾಚೆಗೂ ಕಣ್ಣು ಹಾಯಿಸಿದ. 1768ರಿಂದ ಆತ ಬಳಸಿದ್ದು ಗೆಳೆಯ ಡೇನ್ಸ್ ಬ್ಯಾರಿಂಗ್ಟನ್ ರೂಪಿಸಿದ ಅಚ್ಚಾದ ನಮೂನೆ. ಗಾಳಿ, ಮಳೆ, ಮರದ ಚಿಗುರು, ಹೂವು, ಹಕ್ಕಿ, ಕೀಟ, ಎಲ್ಲಕ್ಕೂ ಒಂದೊಂದು ಅಂಕಣ. ನೋಡಲು ಒಂದೇ ಥರ ಇರುವ ಮೂರು ಪುಟ್ಟ ಹಕ್ಕಿಗಳು ನಿಜಕ್ಕೂ ಮೂರು ಬೇರೆ ಜಾತಿಗಳು ಎಂದು ಅವುಗಳ ಹಾಡಿನಿಂದ ಗುರುತಿಸಿದ್ದು ಈ ಪಾದ್ರಿಯೇ. ಅದೇ ಮನುಷ್ಯ, ಚಳಿಗಾಲದಲ್ಲಿ ಕವಲುಬಾಲದ ಹಕ್ಕಿಗಳಲ್ಲಿ ಕೆಲವಾದರೂ ವಲಸೆ ಹೋಗದೆ ಎಲ್ಲೋ ಅಡಗಿ ಮಲಗಿರಬಹುದೆಂಬ ಶಂಕೆಯನ್ನು ಕೊನೆಗೂ ಬಿಡಲಿಲ್ಲ. ಊಹೆ ಸುಳ್ಳಾಯಿತು. ಆದರೆ ಅವು ಎಂದು ಕಾಣಿಸಿದವು, ಎಂದು ಮರೆಯಾದವು ಎಂದು ಆತ ಬರೆದ ದಿನಾಂಕಗಳು ಇಂದಿಗೂ ಉಪಯುಕ್ತ.

ಕಾನ್‌ಕಾರ್ಡ್‌ನಲ್ಲಿ ಆದದ್ದೂ ಇದೇ. ಪ್ರೈಮ್ಯಾಕ್ ಮತ್ತು ಅವರ ವಿದ್ಯಾರ್ಥಿ ಅಬ್ರಹಾಂ ಮಿಲ್ಲರ್-ರಷಿಂಗ್ ಥೋರೋನ ಕೋಷ್ಟಕಗಳ ಪ್ರತಿಗಳನ್ನು ಪಡೆದರು. ಕೈಬರಹ ಕೋಳಿಕಾಲು, ಗಿಡಗಳ ಹೆಸರುಗಳು ಹಳೆಯವು. ಅವನ್ನು ಬಿಡಿಸಿಕೊಂಡು, ಅದೇ ಜಾಗಗಳಲ್ಲಿ ತಾವೂ ವರ್ಷಗಟ್ಟಲೆ ತಿರುಗಿ ಹೂಗಳ ದಿನಾಂಕ ಬರೆದರು. ನಡುವಿನ ಕಾಲಕ್ಕೆ ಆಸರೆಯಾದದ್ದು ಆಲ್‌ಫ್ರೆಡ್ ಹಾಸ್ಮರ್ ಎಂಬ ಸ್ಥಳೀಯ ಅಂಗಡಿಕಾರನ ದಾಖಲೆ. ಥೋರೋನ ಅಭಿಮಾನಿಯಾಗಿದ್ದ ಆತ 1888ರಿಂದ 1902ರವರೆಗೆ ವರ್ಷವೂ ನೂರಾರು ಜಾತಿಯ ಗಿಡಗಳು ಹೂ ಬಿಟ್ಟ ದಿನ ಬರೆದಿಟ್ಟಿದ್ದ. ಅದರಿಂದ ಏನು ಪ್ರಯೋಜನವೆಂದು ಗಿರಾಕಿಗಳು ಕೇಳಿದ್ದರೆ ಹೇಳಲು ಆತನ ಬಳಿಯೂ ಉತ್ತರ ಇದ್ದಿರಲಾರದು.

2008ರಲ್ಲಿ ಫಲಿತಾಂಶಗಳು ಪ್ರಕಟವಾದವು. ಸುಮಾರು ಒಂದೂವರೆ ಶತಮಾನದಲ್ಲಿ ಆ ಪ್ರದೇಶದ ಉಷ್ಣತೆ 2.4 ಡಿಗ್ರಿ ಸೆಲ್ಸಿಯಸ್ ಏರಿತ್ತು. ಇದರಲ್ಲಿ ಬಾಸ್ಟನ್ ನಗರದ ಬೆಳವಣಿಗೆಯ ಪಾಲೂ ಇದೆ. ವಸಂತದಲ್ಲಿ ಅರಳುವ 43 ಸಾಮಾನ್ಯ ಜಾತಿಗಳು ಥೋರೋನ ಕಾಲಕ್ಕಿಂತ ಸರಾಸರಿ 7 ದಿನ ಮೊದಲೇ ಹೂ ಬಿಡುತ್ತಿದ್ದವು. ಬೆಚ್ಚಗಿದ್ದ 2012ರ ವಸಂತದಲ್ಲಂತೂ ಅಂತರ ಸುಮಾರು ಮೂರು ವಾರ. ಇನ್ನೊಂದು ಲೆಕ್ಕ ಇದಕ್ಕಿಂತ ಗಾಬರಿ ಹುಟ್ಟಿಸುವಂಥದ್ದು. ಥೋರೋ ಕಂಡಿದ್ದ ಜಾತಿಗಳಲ್ಲಿ ಶೇ 27ರಷ್ಟು ಕಾನ್‌ಕಾರ್ಡ್‌ನಿಂದಲೇ ಕಣ್ಮರೆಯಾಗಿದ್ದವು. ಇನ್ನೂ ಶೇ 36ರಷ್ಟು ಬೆರಳೆಣಿಕೆಗೆ ಇಳಿದಿದ್ದವು. ಮನೆ-ರಸ್ತೆಗಳೇ ಇದಕ್ಕೆ ಕಾರಣವೆಂದು ಹೇಳಿ ಸುಮ್ಮನಾಗುವಂತಿಲ್ಲ. ಊರಿನ ಬಹುಭಾಗ ಇಂದಿಗೂ ಕಟ್ಟಡಗಳಿಲ್ಲದ ಭೂಮಿ. ಬಿಸಿಗೆ ತಕ್ಕಂತೆ ತಮ್ಮ ಹೂಬಿಡುವ ಕಾಲವನ್ನು ಹಿಂದಕ್ಕೆ ಎಳೆದುಕೊಳ್ಳಲಾರದ ಗಿಡಗಳೇ ಹೆಚ್ಚು ಪೆಟ್ಟು ತಿಂದಿದ್ದವು. ಆರ್ಕಿಡ್, ಲಿಲಿ ಕುಟುಂಬದವು ಇವುಗಳಲ್ಲಿ ಸೇರಿವೆ.

ನಮ್ಮಲ್ಲಿ ಋತುಗಳ ಜ್ಞಾನಕ್ಕೆ ಎಂದೂ ಕೊರತೆಯಿರಲಿಲ್ಲ. ರೋಹಿಣಿಗೆ ಏನು ಬಿತ್ತಬೇಕು, ಆರಿದ್ರಾ ಹೇಗೆ ಸುರಿಯಬೇಕು ಎಂಬುದು ರೈತನಿಗೆ ಬಾಯಿಪಾಠ. ಆದರೆ ನೆನಪಿನಲ್ಲಿ ಋತು ಉಳಿಯುತ್ತದೆಯೇ ಹೊರತು ಇಸವಿ ಉಳಿಯುವುದಿಲ್ಲ. ‘ನಮ್ಮ ಕಾಲದಲ್ಲಿ ಮೃಗಶಿರಾ ಹೀಗಿರಲಿಲ್ಲ’ ಎಂದು ಅಜ್ಜ ಹೇಳಿದ್ದನ್ನು ಅವನ ಅಜ್ಜನೂ ಹೇಳಿರಬಹುದು. ಯಾವ ಮಾತು ನಿಜ ಎಂದು ತೀರ್ಮಾನಿಸಲು ಕಾಗದ ಬೇಕು.

ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ‘ಸೀಸನ್‌ವಾಚ್’ ಯೋಜನೆ ಈ ಕೊರತೆ ತುಂಬುವ ಪ್ರಯತ್ನ. ಅದರ ನಿಯಮ ಸರಳ. ಮನೆ ಅಥವಾ ಶಾಲೆಯ ಬಳಿಯ ಒಂದು ಮರವನ್ನು ಆರಿಸಿಕೊಳ್ಳಬೇಕು. ವಾರಕ್ಕೊಮ್ಮೆ ಅದೇ ಮರವನ್ನು ನೋಡಿ ಚಿಗುರು, ಹೂವು, ಕಾಯಿ ಎಷ್ಟಿದೆ ಎಂದು ಬರೆಯಬೇಕು. ಏನೂ ಇಲ್ಲದಿದ್ದರೆ ಇಲ್ಲವೆಂದೇ ಬರೆಯಬೇಕು. ವಿಷುವಿಗೆ ಅರಳಬೇಕಾದ ಕಕ್ಕೆ ಹೂವು ಕೇರಳದಲ್ಲಿ ಬೇರೆ ತಿಂಗಳುಗಳಲ್ಲೂ ಅರಳುತ್ತಿರುವುದನ್ನು ಹೀಗೆ ನೋಡುತ್ತಿರುವವರು ಗುರುತಿಸಿದ್ದಾರೆ. ಆದರೆ ಯೋಜನೆಗೆ ಆಗಿರುವ ವಯಸ್ಸು ಇನ್ನೂ ಎರಡು ದಶಕವಿಲ್ಲ.

ಅದಕ್ಕೂ ಹಳೆಯ ಬರಹ ಕರ್ನಾಟಕದಲ್ಲಿ ಇರುವುದು ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆಯ ಕಾಫಿ ತೋಟಗಳಲ್ಲಿ. ಮಳೆಮಾಪಕದ ನೀರನ್ನು ದಿನವೂ ಬೆಳಿಗ್ಗೆ ಅಳೆದು, ಇಂಚು-ಸೆಂಟುಗಳಲ್ಲಿ ಪುಸ್ತಕಕ್ಕೆ ಏರಿಸುವುದು ಬೆಳೆಗಾರರ ರೂಢಿ. ಕೆಲವು ಮನೆಗಳಲ್ಲಿ ಈ ಲೆಕ್ಕ ತಲೆಮಾರುಗಳಷ್ಟು ಹಿಂದಕ್ಕೆ ಹೋಗುತ್ತದೆ. ಮುಂಗಾರಿನ ಏರುಪೇರು ಅರಿಯಲು ಸಂಶೋಧಕರು ಇವನ್ನು ಬಳಸಿಕೊಂಡಿದ್ದಾರೆ. ಬೇಸಿಗೆಯ ಹೂಮಳೆ ಬಿದ್ದ ಎಂಟು-ಹತ್ತು ದಿನಕ್ಕೆ ಕಾಫಿ ಅರಳುವುದರಿಂದ, ಮಳೆಯ ದಿನಾಂಕ ಸಿಕ್ಕರೆ ಹೂವಿನ ದಿನವನ್ನೂ ಅಂದಾಜು ಮಾಡಬಹುದು. ಅದೇ ತೋಟದ ನೆರಳಿಗೆ ನಿಂತ ಹೊನ್ನೆ, ನಂದಿ, ಹಲಸುಗಳು ಯಾವ ವರ್ಷ ಎಂದು ಚಿಗುರಿದವು? ಮಳೆ ಪುಸ್ತಕದಲ್ಲಿ ಮರಕ್ಕೆ ಅಂಕಣವಿಲ್ಲ. ಬರೆಯುವುದಾದರೆ ಷರಾ ಅಂಕಣದಲ್ಲೇ ಬರೆಯಬೇಕು.