ಬೇಡಿದವರು ಯಾರು, ಕಟ್ಟಿದವರು ಯಾರು: ಬರ್ಮಿಂಗ್‌ಹ್ಯಾಮಿನ ಆರೇಟರಿ ಶಾಲೆಯ ಮೊದಲ ದಿನಗಳು

1859ರ ಮೇ 2ರಂದು ಬರ್ಮಿಂಗ್‌ಹ್ಯಾಮ್ ನಗರದ ಎಜ್‌ಬಾಸ್ಟನ್ ಬಡಾವಣೆಯಲ್ಲಿ ಒಂದು ಬೋರ್ಡಿಂಗ್ ಶಾಲೆ ಶುರುವಾಯಿತು. ಸೇರಿದ ಹುಡುಗರು ಹತ್ತು ಮಂದಿಯೂ ಇರಲಿಲ್ಲ. ಮೂರು ವಾರ ಕಳೆದು, ಮೇ 22ರಂದು, ಅಲ್ಲಿನ ಕ್ಯಾಥೊಲಿಕ್ ಬಿಷಪ್ ವಿಲಿಯಂ ಉಲ್ಲಥಾರ್ನ್, ಆ ಶಾಲೆಯನ್ನು ತೆರೆದ ಗುರು ಜಾನ್ ಹೆನ್ರಿ ನ್ಯೂಮನ್ನರನ್ನು ಕಾಣಲು ಬಂದರು. ಬಂದ ಕಾರಣ ಶಾಲೆಯಲ್ಲ, ನ್ಯೂಮನ್ ಆಗಷ್ಟೇ ಸಂಪಾದಕತ್ವ ವಹಿಸಿಕೊಂಡಿದ್ದ ಕ್ಯಾಥೊಲಿಕರ ‘ರ‍್ಯಾಂಬ್ಲರ್’ ಪತ್ರಿಕೆ. ಮಾತಿನ ನಡುವೆ ಬಿಷಪ್ಪರು, ಗುರುದೀಕ್ಷೆ ಪಡೆಯದ ಗೃಹಸ್ಥ ಭಕ್ತರು ಯಾವ ಲೆಕ್ಕ ಎಂಬ ಧಾಟಿಯಲ್ಲಿ ಕೇಳಿದರು. ಅವರಿಲ್ಲದೆ ಹೋದರೆ ಧರ್ಮಸಭೆಯೇ ನಗೆಪಾಟಲಾದೀತು ಎಂಬರ್ಥದ ಉತ್ತರ ನ್ಯೂಮನ್ನರಿಂದ ಬಂತು. ಈ ಮಾತುಕತೆಯನ್ನು ಅವರೇ ಬರೆದಿಟ್ಟುಕೊಂಡಿದ್ದಾರೆ.

ಶಾಲೆ ತೆರೆದದ್ದನ್ನು ಶಿಕ್ಷಣ ಚರಿತ್ರೆಗೂ, ಈ ಸಂವಾದವನ್ನು ದೇವಶಾಸ್ತ್ರದ ಚರಿತ್ರೆಗೂ ಹಂಚಿಬಿಡುವುದು ಸುಲಭ. ನನ್ನ ವಾದ, ಇವೆರಡೂ ಒಂದೇ ಜಗಳದ ಎರಡು ಮುಖಗಳು ಎಂದು. ಮಕ್ಕಳ ಓದಿನ ವಿಷಯದಲ್ಲಿ ಹೆತ್ತವರ ಮಾತಿಗೆ ಬೆಲೆ ಎಷ್ಟು ಎಂಬುದೇ ಆ ಜಗಳ.

ಮೊದಲು ಹಿನ್ನೆಲೆ ನೋಡೋಣ. ಹದಿನಾರನೆಯ ಶತಮಾನದ ಧಾರ್ಮಿಕ ಕ್ರಾಂತಿಯ ನಂತರ ಇಂಗ್ಲೆಂಡಿನಲ್ಲಿ ಕ್ಯಾಥೊಲಿಕ್ ಶಾಲೆ ನಡೆಸುವುದೇ ಅಪರಾಧವಾಗಿತ್ತು. ಅನುಕೂಲಸ್ಥರು ಮಕ್ಕಳನ್ನು ಕಡಲಾಚೆ ಕಳಿಸಿದರು: 1568ರಲ್ಲಿ ತೊಡಗಿದ ಡುಏ ವಿದ್ಯಾಲಯಕ್ಕೆ, 1593ರಲ್ಲಿ ಜೆಸ್ವಿಟರು ಕಟ್ಟಿದ ಸೇಂಟ್ ಓಮೇರ್‌ಗೆ. ಫ್ರೆಂಚ್ ಕ್ರಾಂತಿ ಆ ಶಾಲೆಗಳನ್ನೂ ಕದಡಿದಾಗ ಗುರುಗಳೂ ಮಕ್ಕಳೂ ತಿರುಗಿ ಇಂಗ್ಲೆಂಡಿಗೇ ಬಂದರು. ಜೆಸ್ವಿಟರ ಸ್ಟೋನಿಹರ್ಸ್ಟ್, ಬೆನೆಡಿಕ್ಟೀನರ ಆ್ಯಂಪಲ್‌ಫರ್ತ್ ಮತ್ತು ಡೌನ್‌ಸೈಡ್, ಬಿಷಪ್ಪರ ಕೈಕೆಳಗಿನ ಆಸ್ಕಟ್ ಮತ್ತು ಅಷಾ, ಎಲ್ಲವೂ ಹೀಗೆ ಬೇರೂರಿದವು. 1829ರಲ್ಲಿ ಕ್ಯಾಥೊಲಿಕರಿಗೆ ಪಾರ್ಲಿಮೆಂಟಿನ ಬಾಗಿಲು ತೆರೆಯಿತು. 1850ರಲ್ಲಿ ಬಿಷಪ್ಪರ ಪೀಠಗಳು ಮರುಸ್ಥಾಪನೆಗೊಂಡವು. ಅಂದರೆ ಶಾಲೆಗಳಿಗೆ ಬರವಿರಲಿಲ್ಲ, ಆದರೆ ಎಲ್ಲವೂ ಸನ್ಯಾಸಿಗಳವು ಅಥವಾ ಗುರುಗಳವು. ಆಸ್ಕಟ್, ಅಷಾಗಳಲ್ಲಂತೂ ಮುಂದೆ ಗುರುಗಳಾಗುವ ಹುಡುಗರೂ ವಕೀಲಿಕೆ, ಜಮೀನ್ದಾರಿಕೆಗೆ ಹೋಗುವ ಹುಡುಗರೂ ಒಂದೇ ಪಂಕ್ತಿಯಲ್ಲಿ ಕಲಿಯುತ್ತಿದ್ದರು.

ಈ ವ್ಯವಸ್ಥೆಗೆ ಆಕ್ಷೇಪ ಎತ್ತಿದವರಲ್ಲಿ ಹೆಚ್ಚಿನವರು ಹೊಸ ಕ್ಯಾಥೊಲಿಕರು. 1833ರಿಂದ ಆಕ್ಸ್‌ಫರ್ಡಿನಲ್ಲಿ ಆಂಗ್ಲಿಕನ್ ಸಭೆಯೊಳಗೆ ಎದ್ದ ಚಳವಳಿ, 1845ರ ಅಕ್ಟೋಬರ್ 9ರಂದು ನ್ಯೂಮನ್ ರೋಮನ್ ಸಭೆ ಸೇರಿದ್ದು, ಅವರ ಹಿಂದೆ ನೂರಾರು ವಿದ್ಯಾವಂತರು ಬಂದದ್ದು ತಿಳಿದ ಕತೆ. ಹಾಗೆ ಬಂದವರ ಪೈಕಿ ಮದುವೆಯಾಗಿ ಮಕ್ಕಳಿದ್ದ ಆಂಗ್ಲಿಕನ್ ಪಾದ್ರಿಗಳಿದ್ದರು. ಅವರು ಕ್ಯಾಥೊಲಿಕ್ ಗುರುಗಳಾಗುವಂತಿರಲಿಲ್ಲ. ದೊಡ್ಡ ವಕೀಲರಿದ್ದರು, ಕಲಾವಿದರಿದ್ದರು. ತಾವು ಕಲಿತದ್ದು ಈಟನ್, ವಿಂಚೆಸ್ಟರಿನಂಥ ಪ್ರತಿಷ್ಠಿತ ಆಂಗ್ಲಿಕನ್ ಶಾಲೆಗಳಲ್ಲಿ. ಮಕ್ಕಳನ್ನು ಅಲ್ಲಿಗೆ ಕಳಿಸಲು ಹೊಸ ನಂಬಿಕೆ ಬಿಡದು, ಸನ್ಯಾಸಿಗಳ ಶಾಲೆಗೆ ಕಳಿಸಲು ಮನಸ್ಸು ಒಪ್ಪದು. ಗ್ರೀಕ್, ಲ್ಯಾಟಿನ್ ಮಟ್ಟ ಸಾಲದು ಎಂಬುದು ಒಂದು ದೂರು. ಶಿಸ್ತು ಕಣ್ಗಾವಲಿನದು, ಹುಡುಗರ ಮೇಲೆ ನಂಬಿಕೆಯಿಟ್ಟು ನಡೆಸುವಂಥದ್ದಲ್ಲ ಎಂಬುದು ಇನ್ನೊಂದು. ಹಳೆಯ ಕ್ಯಾಥೊಲಿಕ್ ಮನೆತನಗಳಿಗೆ ಇದು ನಿನ್ನೆ ಬಂದವರ ಜಂಬವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಅವರ ಅಜ್ಜ ಮುತ್ತಜ್ಜಂದಿರು ಅದೇ ಶಾಲೆಗಳಿಗಾಗಿ ದಂಡ ತೆತ್ತು, ಸೆರೆಗೂ ಹೋಗಿದ್ದವರು.

1858ರ ಆರಂಭದ ಹೊತ್ತಿಗೆ ಈ ಅಸಮಾಧಾನ ಪತ್ರಗಳ ರೂಪ ತಾಳಿತು. ಮುಂದೆ ನಿಂತವರು ವಕೀಲ ಎಡ್ವರ್ಡ್ ಬೆಲಾಸಿಸ್, ಪಾರ್ಲಿಮೆಂಟಿನ ಸಮಿತಿಗಳ ಮುಂದೆ ರೈಲ್ವೆ ಕಂಪನಿಗಳ ಪರ ವಾದಿಸಿ ಹೆಸರಾದ ಜೇಮ್ಸ್ ಹೋಪ್-ಸ್ಕಾಟ್, ಮತ್ತು ಮುಂದೆ ಇತಿಹಾಸಕಾರರಾಗಿ ಪ್ರಸಿದ್ಧರಾದ ಜಾನ್ ಆ್ಯಕ್ಟನ್. ‘ಪೋಷಕರು ಸ್ಥಾಪಿಸಿದ ಶಾಲೆ’ ಎನ್ನುವವರು ಇಲ್ಲಿ ಸ್ವಲ್ಪ ತಡೆಯಬೇಕು. ಬೆಲಾಸಿಸರಿಗೆ ಶಾಲೆಗೆ ಕಳಿಸುವ ವಯಸ್ಸಿನ ಗಂಡುಮಕ್ಕಳಿದ್ದರು, ಕಳಿಸಿದರು ಕೂಡ. ಆ್ಯಕ್ಟನ್ನರಿಗೆ ಆಗ ಮದುವೆಯೇ ಆಗಿರಲಿಲ್ಲ. ಹಾಗಾಗಿ ಇದನ್ನು ಹೆತ್ತವರೂ ಅವರ ಗೆಳೆಯರೂ ಸೇರಿದ ಗೃಹಸ್ಥರ ಗುಂಪಿನ ಬೇಡಿಕೆ ಎನ್ನುವುದೇ ಸರಿ.

ಬೇಡಿಕೆ ನ್ಯೂಮನ್ನರ ಬಳಿಗೇ ಹೋಯಿತು. ಡಬ್ಲಿನ್ನಿನ ಕ್ಯಾಥೊಲಿಕ್ ವಿಶ್ವವಿದ್ಯಾಲಯ ಕಟ್ಟಲು ಹೋಗಿ, ಅಲ್ಲಿನ ಬಿಷಪ್ಪರ ಜೊತೆ ಹೆಣಗಿ ಬೇಸತ್ತಿದ್ದ ಅವರು 1858ರಲ್ಲಿ ಅದರ ರೆಕ್ಟರ್ ಹುದ್ದೆ ಬಿಟ್ಟರು. ಅಲ್ಲಿ ಅವರು ಬಯಸಿದ್ದರಲ್ಲಿ ಒಂದು, ಹಣಕಾಸಿನಲ್ಲಿ ಗೃಹಸ್ಥರಿಗೂ ಕೈ ಇರಲಿ ಎಂಬುದು, ಅದು ಕೈಗೂಡಿರಲಿಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ ಅವರದೇ ಆರೇಟರಿ ಇತ್ತು. ಹದಿನಾರನೆಯ ಶತಮಾನದ ರೋಮಿನಲ್ಲಿ ಫಿಲಿಪ್ ನೇರಿ ತೊಡಗಿಸಿದ ಪದ್ಧತಿಯದು: ವ್ರತ ತೊಡದ ಗುರುಗಳು ಒಂದೇ ಮನೆಯಲ್ಲಿ ಕೂಡಿ ಬಾಳುವುದು. ಸನ್ಯಾಸಿಗಳ ಶಾಲೆ ಬೇಡವೆಂದವರಿಗೆ ವ್ರತವಿಲ್ಲದ ಈ ಗುರುಗಳು ಹಿಡಿಸಿದ್ದು ಸಹಜ. ಗುರುದೀಕ್ಷೆಗೆ ಹೋಗುವ ಹುಡುಗರಿಗೆ ಇಲ್ಲಿ ಪ್ರತ್ಯೇಕ ತರಬೇತಿ ಇಲ್ಲ, ಶಾಲೆ ಪೂರಾ ಗೃಹಸ್ಥ ಜೀವನಕ್ಕೆ ಹೋಗುವವರಿಗೆ ಎಂಬುದು ಮೊದಲೇ ತೀರ್ಮಾನವಾಯಿತು. ಹೊಣೆ ಮಾತ್ರ ಆರೇಟರಿಯದೇ ಆಯಿತು. ಬೇಡಿದವರು ಗೃಹಸ್ಥರು, ಒಡೆತನ ಗುರುಗಳದು: ಈ ಸೀಳು ಮೂರೇ ವರ್ಷದಲ್ಲಿ ಬಾಯಿ ಬಿಟ್ಟಿತು.

ಅದಕ್ಕೆ ಮೊದಲು ‘ರ‍್ಯಾಂಬ್ಲರ್’ ವಿಷಯ ಮುಗಿಸಬೇಕು. ಬಡ ಮಕ್ಕಳ ಪ್ರಾಥಮಿಕ ಶಿಕ್ಷಣದ ಸ್ಥಿತಿ ಅರಿಯಲು ಬ್ರಿಟಿಷ್ ಸರ್ಕಾರ 1858ರಲ್ಲಿ ಆಯೋಗವೊಂದನ್ನು ನೇಮಿಸಿತ್ತು. ಕ್ಯಾಥೊಲಿಕ್ ಶಾಲೆಗಳು ಅದರೊಡನೆ ಸಹಕರಿಸಬೇಕು ಎಂದು ಶಾಲಾ ಇನ್ಸ್‌ಪೆಕ್ಟರಾಗಿದ್ದ ಸ್ಕಾಟ್ ನ್ಯಾಸ್ಮಿತ್ ಸ್ಟೋಕ್ಸ್ 1859ರ ಆರಂಭದಲ್ಲಿ ಆ ಪತ್ರಿಕೆಯಲ್ಲಿ ಬರೆದರು. ಬಿಷಪ್ಪರು ಬೇಡವೆಂದು ನಿರ್ಧರಿಸಿದ್ದ ವಿಷಯದಲ್ಲಿ ಗೃಹಸ್ಥನೊಬ್ಬ ಬಹಿರಂಗವಾಗಿ ಬೇರೆ ಮಾತಾಡಿದ್ದು ಕೋಲಾಹಲಕ್ಕೆ ಕಾರಣವಾಯಿತು. ಬೆಂಕಿ ಆರಿಸಲೆಂದು ಸಂಪಾದಕತ್ವ ಒಪ್ಪಿಕೊಂಡ ನ್ಯೂಮನ್, ಮೇ ಸಂಚಿಕೆಯಲ್ಲಿ ಇಂಥ ವಿಷಯದಲ್ಲಿ ಭಕ್ತರ ಅಭಿಪ್ರಾಯ ಕೇಳುವುದು ಸಹಜವೇ ಎಂಬಂತೆ ಬರೆದು ಇನ್ನಷ್ಟು ತುಪ್ಪ ಸುರಿದರು. ಉಲ್ಲಥಾರ್ನ್ ಬಂದದ್ದು ಆಗ. ಜುಲೈ ಸಂಚಿಕೆಯ ನಂತರ ಬಿಟ್ಟುಬಿಡಿ ಎಂಬ ಅವರ ಸಲಹೆಗೆ ನ್ಯೂಮನ್ ತಲೆಬಾಗಿದರು. ಆದರೆ ಆ ಕೊನೆಯ ಸಂಚಿಕೆಯಲ್ಲೇ ಧರ್ಮಸತ್ಯದ ವಿಷಯದಲ್ಲಿ ಭಕ್ತರನ್ನು ಕೇಳುವುದರ ಕುರಿತ ದೀರ್ಘ ಪ್ರಬಂಧವನ್ನು ಅಚ್ಚಿಗೆ ಕೊಟ್ಟರು. ಕ್ರಿಸ್ತನ ದೈವತ್ವದ ಕುರಿತ ನಾಲ್ಕನೆಯ ಶತಮಾನದ ಏರಿಯಸ್ ವಿವಾದದಲ್ಲಿ ಅನೇಕ ಬಿಷಪ್ಪರು ಜಾರಿದಾಗ ನಂಬಿಕೆಯನ್ನು ಉಳಿಸಿಕೊಂಡವರು ಸಾಮಾನ್ಯ ಭಕ್ತರು ಎಂಬುದು ಅದರ ತಿರುಳು. ಆ ಪ್ರಬಂಧ ಬರೆಯುತ್ತಿದ್ದ ವಾರಗಳಲ್ಲೇ ಅವರು ಸಾಮಾನ್ಯ ಭಕ್ತರ ಮಕ್ಕಳಿಗೆ ಹಾಸಿಗೆ, ಊಟ, ಲ್ಯಾಟಿನ್ ಪಾಠಗಳ ವ್ಯವಸ್ಥೆಯನ್ನೂ ನೋಡುತ್ತಿದ್ದರು.

ಶಾಲೆಯ ಮೊದಲ ಹೆಡ್‌ಮಾಸ್ಟರ್ ನಿಕೊಲಸ್ ಡಾರ್ನೆಲ್. ಆರೇಟರಿಯ ಗುರು, ವಿಂಚೆಸ್ಟರಿನಲ್ಲಿ ಕಲಿತವರು. ಇಂಗ್ಲಿಷ್ ಪಬ್ಲಿಕ್ ಸ್ಕೂಲಿನ ಮಾದರಿ ಅವರ ರಕ್ತದಲ್ಲೇ ಇತ್ತು: ಶಾಲೆಗೆ ಹೆಡ್‌ಮಾಸ್ಟರನೇ ದೊರೆ. ಆದರೆ ಇಲ್ಲಿ ಇನ್ನೊಂದು ಅಧಿಕಾರ ಕೇಂದ್ರವೂ ಇತ್ತು. ಮೇಟ್ರನ್ ಆಗಿ ಬಂದಿದ್ದ ಫ್ರಾನ್ಸೆಸ್ ವುಟನ್ ಆಕ್ಸ್‌ಫರ್ಡಿನ ವೈದ್ಯರೊಬ್ಬರ ವಿಧವೆ. ಆ ವೈದ್ಯರು ನ್ಯೂಮನ್ನರಿಗೂ ಚಿಕಿತ್ಸೆ ನೀಡಿದ್ದವರು. ಹುಡುಗರ ಊಟ, ಬಟ್ಟೆ, ಕಾಯಿಲೆ ಕಸಾಲೆ ನೋಡಿಕೊಳ್ಳುವ ಹೆಂಗಸರನ್ನು ಈಟನ್ನಿನಲ್ಲಿ ಡೇಮ್ ಎನ್ನುತ್ತಿದ್ದರು. ನ್ಯೂಮನ್ ಆ ಪದ್ಧತಿಯನ್ನು ತಂದು ಅದಕ್ಕೆ ಹೆಚ್ಚಿನ ತೂಕ ಕೊಟ್ಟರು. ಎಂಟೊಂಬತ್ತು ವರ್ಷದ ಮಗನನ್ನು ಬೋರ್ಡಿಂಗಿಗೆ ಬಿಟ್ಟುಬರುವ ತಾಯಿಗೆ ಹೆಡ್‌ಮಾಸ್ಟರನ ಗ್ರೀಕ್ ಪಾಂಡಿತ್ಯಕ್ಕಿಂತ, ಮಗ ಕೆಮ್ಮಿದರೆ ಎದ್ದು ನೋಡುವವರಿದ್ದಾರೆಯೇ ಎಂಬುದು ಮುಖ್ಯ. ಇದನ್ನು ಬ್ರಹ್ಮಚಾರಿ ಗುರುವೊಬ್ಬರು ಅಷ್ಟು ಸ್ಪಷ್ಟವಾಗಿ ಕಂಡುಕೊಂಡದ್ದು ನನಗೆ ಇಂದಿಗೂ ಸೋಜಿಗ.

ಡಾರ್ನೆಲ್ಲರಿಗೆ ಇದೆಲ್ಲ ಹೆತ್ತವರಿಗೆ ಹೆಗ್ಗಣ ಮುದ್ದು ಎಂಬಂತೆ ಕಂಡಿತು. ಮೇಟ್ರನ್ ಹುಡುಗರನ್ನು ಮುದ್ದಿನಿಂದ ಕೆಡಿಸುತ್ತಾರೆ, ಶಿಸ್ತಿಗೆ ಅಡ್ಡ ಬರುತ್ತಾರೆ ಎಂಬುದು ಅವರ ಕಡೆಯ ಆಕ್ಷೇಪ. ಹುಡುಗರ ಆರೋಗ್ಯದ ಕಡೆ ಗಮನವಿಲ್ಲ ಎಂಬುದು ಆಕೆಯದು. 1861ರ ಡಿಸೆಂಬರಿನಲ್ಲಿ ಮಾತು ಮುರಿಯಿತು. ಆಕೆ ಹೋಗಬೇಕು, ಇಲ್ಲವೇ ತಾನು ಹೋಗುತ್ತೇನೆ ಎಂದು ಡಾರ್ನೆಲ್ ಪಟ್ಟು ಹಿಡಿದರು. ನ್ಯೂಮನ್ ಆಕೆಯನ್ನು ಬಿಟ್ಟುಕೊಡಲಿಲ್ಲ. ಡಾರ್ನೆಲ್ ರಾಜೀನಾಮೆ ಕೊಟ್ಟರು, ಅವರ ಬೆನ್ನಿಗೆ ಅಧ್ಯಾಪಕರೂ ಹೊರಟರು. ಕ್ರಿಸ್‌ಮಸ್ ರಜೆ ಮುಗಿಯುವಷ್ಟರಲ್ಲಿ ಹೊಸ ಬಳಗ ಕಟ್ಟಬೇಕಾಯಿತು. ಆರೇಟರಿಯ ಆ್ಯಂಬ್ರೋಸ್ ಸೇಂಟ್ ಜಾನ್ ಹೆಡ್‌ಮಾಸ್ಟರ್ ಸ್ಥಾನಕ್ಕೆ ಬಂದರು. ಡಬ್ಲಿನ್ನಿನಿಂದ ಥಾಮಸ್ ಆರ್ನಲ್ಡ್ ಕಿರಿಯರು ಬಂದರು. ರಗ್ಬಿ ಶಾಲೆಯನ್ನು ಆಳಿ, ಪಬ್ಲಿಕ್ ಸ್ಕೂಲ್ ಹೆಡ್‌ಮಾಸ್ಟರ್ ಎಂದರೆ ಹೀಗಿರಬೇಕು ಎನಿಸಿದ ಆರ್ನಲ್ಡರ ಮಗ ಇವರು. ಮೇಟ್ರನ್ ಮುಂದೆ ಹೆಡ್‌ಮಾಸ್ಟರ್ ಸೋತ ಶಾಲೆಗೆ ಅವರೇ ಪಾಠ ಹೇಳಲು ಬಂದರು.

ಬಿರುಗಾಳಿಯ ನಂತರ ನ್ಯೂಮನ್ ಶಾಲೆಯ ದಿನಚರಿಯೊಳಗೆ ಇನ್ನೂ ಆಳವಾಗಿ ಇಳಿದರು. ಟರ್ಮಿನ ಕೊನೆಗೆ ಹುಡುಗರನ್ನು ತಾವೇ ಎದುರು ಕೂರಿಸಿಕೊಂಡು ಬಾಯಿಮಾತಿನ ಪರೀಕ್ಷೆ ಮಾಡುತ್ತಿದ್ದರು. ಹೆತ್ತವರಿಗೆ ಪತ್ರ ಬರೆಯುತ್ತಿದ್ದರು. 32 ಸಂಪುಟಗಳಲ್ಲಿ ಅಚ್ಚಾಗಿರುವ ಅವರ ಪತ್ರ-ದಿನಚರಿಗಳಲ್ಲಿ ಮಹಾ ವಾಗ್ವಾದಗಳ ಪಕ್ಕದಲ್ಲೇ ಶಾಲೆಯ ಸಣ್ಣಪುಟ್ಟ ಚಿಂತೆಗಳೂ ಕೂತಿವೆ. ಟೆರೆನ್ಸನ ಲ್ಯಾಟಿನ್ ಹಾಸ್ಯ ನಾಟಕಗಳಿಂದ ಹುಡುಗರಿಗೆ ಸಲ್ಲದ ಭಾಗಗಳನ್ನು ತೆಗೆದು, ತಿದ್ದಿ, 1865ರಿಂದ ಅವರಿಂದಲೇ ಆಡಿಸಿದರು. ಅದೇ ವರ್ಷ ಹಳೆಯ ಗೆಳೆಯರಿಬ್ಬರು ಪಿಟೀಲೊಂದನ್ನು ಕೊಡುಗೆ ಕೊಟ್ಟಿದ್ದರು. ಅರವತ್ತು ದಾಟಿದ ನ್ಯೂಮನ್ ಅದನ್ನು ಹುಡುಗರ ಜೊತೆ ಕೂತು ನುಡಿಸುತ್ತಿದ್ದರು. 1867ರ ಸೆಪ್ಟೆಂಬರಿನಲ್ಲಿ ಅಧ್ಯಾಪಕನಾಗಿ ಬಂದ, ಮುಂದೆ ಕವಿಯಾಗಿ ಹೆಸರಾದ ಜೆರಾರ್ಡ್ ಮ್ಯಾನ್ಲಿ ಹಾಪ್‌ಕಿನ್ಸ್‌ಗೆ ಮಾತ್ರ ಪಾಠ ಹೇಳುವ ಕೆಲಸ ಹೈರಾಣು ಮಾಡಿತು. ಒಂದು ವರ್ಷವೂ ನಿಲ್ಲದೆ ಹೊರಟು ಆತ ಜೆಸ್ವಿಟರನ್ನು ಸೇರಿದ.

1867 ಇನ್ನೊಂದು ಕಾರಣಕ್ಕೂ ಮುಖ್ಯ. ಈ ಶಾಲೆ ಹುಡುಗರನ್ನು ಪ್ರಾಟೆಸ್ಟೆಂಟ್ ಆಕ್ಸ್‌ಫರ್ಡಿಗೆ ತಯಾರು ಮಾಡುತ್ತಿದೆ ಎಂಬ ಗುಮಾನಿ ರೋಮಿಗೆ ಮುಟ್ಟಿತ್ತು. ಇಂಗ್ಲಿಷ್ ಬಿಷಪ್ಪರು ಕ್ಯಾಥೊಲಿಕ್ ಯುವಕರು ಅಲ್ಲಿಗೆ ಹೋಗುವುದನ್ನು ವಿರೋಧಿಸುತ್ತಿದ್ದ ಕಾಲವದು. ಆ ವಿರೋಧ ಸಡಿಲವಾದದ್ದು 1895ರಲ್ಲಿ. ನ್ಯೂಮನ್ ಸಮಜಾಯಿಷಿ ಹೇಳಲು ಸೇಂಟ್ ಜಾನ್‌ರನ್ನು ರೋಮಿಗೆ ಕಳಿಸಬೇಕಾಯಿತು. ಅದೇ ವಸಂತದಲ್ಲಿ ರೋಮಿನಲ್ಲಿದ್ದ, ಪೋಪರ ಆಪ್ತ ಮಾನ್ಸಿನ್ಯೋರ್ ಜಾರ್ಜ್ ಟಾಲ್ಬಟ್ ಇಂಗ್ಲೆಂಡಿನ ಕ್ಯಾಥೊಲಿಕರ ಮುಖ್ಯಸ್ಥ ಆರ್ಚ್‌ಬಿಷಪ್ ಮ್ಯಾನಿಂಗ್‌ಗೆ ಬರೆದ ಪತ್ರ ಈಗ ಕುಖ್ಯಾತ. ಗೃಹಸ್ಥರ ಕ್ಷೇತ್ರ ಬೇಟೆ ಮತ್ತು ಅತಿಥಿ ಸತ್ಕಾರ, ಸಭೆಯ ವಿಷಯದಲ್ಲಿ ತಲೆಹಾಕಲು ಅವರಿಗೆ ಹಕ್ಕಿಲ್ಲ ಎಂದು ಅದರಲ್ಲಿ ವಾದಿಸಿ, ನ್ಯೂಮನ್ನರನ್ನು ಇಂಗ್ಲೆಂಡಿನ ಅತ್ಯಂತ ಅಪಾಯಕಾರಿ ಮನುಷ್ಯ ಎಂದು ಕರೆದಿದ್ದರು. ಉತ್ತರ ಬಂದದ್ದು ಎಂಟು ವರ್ಷದ ಮೇಲೆ, ಬೇರೆಯೇ ಸಂದರ್ಭದಲ್ಲಿ. ಪೋಪರ ದೋಷಾತೀತತ್ವ ಒಪ್ಪಿದ ಕ್ಯಾಥೊಲಿಕನು ದೇಶಕ್ಕೆ ನಿಷ್ಠನಾಗಿರಲಾರ ಎಂದು 1874ರಲ್ಲಿ ಮಾಜಿ ಪ್ರಧಾನಿ ಗ್ಲ್ಯಾಡ್‌ಸ್ಟನ್ ಬರೆದಾಗ, ನ್ಯೂಮನ್ 1875ರ ತಮ್ಮ ಪ್ರತ್ಯುತ್ತರವನ್ನು ಬಿಷಪ್ಪರಿಗೂ ಪೋಪರಿಗೂ ಅಲ್ಲ, 27 ವರ್ಷದ ನಾರ್ಫೋಕ್ ಡ್ಯೂಕನಿಗೆ ಬರೆದ ಪತ್ರದ ರೂಪದಲ್ಲಿ ಪ್ರಕಟಿಸಿದರು. ಆ ಡ್ಯೂಕ್ ಆರೇಟರಿ ಶಾಲೆಯ ಹಳೆಯ ವಿದ್ಯಾರ್ಥಿ.

ಡ್ಯೂಕನ ಹೆಸರು ಬಂದಾಗಲೇ ಈ ಕತೆಯ ಮಿತಿಯೂ ಕಾಣುತ್ತದೆ. ಬರ್ಮಿಂಗ್‌ಹ್ಯಾಮಿನ ಆರೇಟರಿ 1849ರಲ್ಲಿ ತೊಡಗಿದ್ದು ಹಳೆಯ ಜಿನ್ ಭಟ್ಟಿಯೊಂದರಲ್ಲಿ, ಬರಗಾಲಕ್ಕೆ ಬೆಂದು ಬಂದ ಐರಿಷ್ ಬಡವರ ನಡುವೆ. ಅವರೂ ತಂದೆತಾಯಿಯರೇ. ಅವರ ಮಕ್ಕಳ ಓದಿನ ಬಗ್ಗೆ ಆಯೋಗವನ್ನು ನೇಮಿಸಿದ್ದು ಸರ್ಕಾರ, ವಾದಿಸಿದ್ದು ಬಿಷಪ್ಪರೂ ಇನ್ಸ್‌ಪೆಕ್ಟರೂ. ನ್ಯೂಮನ್ನರಿಗೆ ಪತ್ರ ಬರೆದು ಶಾಲೆ ಬೇಡುವ ಶಕ್ತಿ ಇದ್ದದ್ದು ಶುಲ್ಕ ಕಟ್ಟಬಲ್ಲವರಿಗೆ ಮಾತ್ರ. ಪಾಲ್ ಶ್ರಿಂಪ್ಟನ್ 2005ರ ತಮ್ಮ ಅಧ್ಯಯನಕ್ಕೆ ಕ್ಯಾಥೊಲಿಕ್ ಈಟನ್ ಎಂಬ ಹೆಸರನ್ನು ಪ್ರಶ್ನಾರ್ಥಕ ಚಿಹ್ನೆಯೊಂದಿಗೆ ಇಟ್ಟದ್ದು ಅರ್ಥಪೂರ್ಣ. ಆ ಚಿಹ್ನೆಯನ್ನು ‘ಈಟನ್’ ಪದದ ಮುಂದೂ ಹಾಕಬಹುದು, ‘ಕ್ಯಾಥೊಲಿಕ್’ ಪದದ ಮುಂದೂ ಹಾಕಬಹುದು.

ಬೇಡುವವರು ಒಬ್ಬರು, ನಡೆಸುವವರು ಇನ್ನೊಬ್ಬರು ಎಂಬ ಈ ಮಾದರಿ ನಮ್ಮ ಕರಾವಳಿಗೆ ಹೊಸದೇನಲ್ಲ. ಮಂಗಳೂರಿನ ಕ್ಯಾಥೊಲಿಕರು ರೋಮಿಗೆ ಮನವಿಯ ಮೇಲೆ ಮನವಿ ಕಳಿಸಿದ ಮೇಲೆ ಇಟಲಿಯ ಜೆಸ್ವಿಟರು 1878ರ ಕೊನೆಯಲ್ಲಿ ಬಂದಿಳಿದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ತೊಡಗಿತು. ಅಲ್ಲಿಯೂ ಬೇಡಿಕೆ ಭಕ್ತರದು, ಆಡಳಿತ ಗುರುಗಳದು.

ಒಡೆತನವೇ ಹೆತ್ತವರ ಕೈಗೆ ಬರಲು ಇಪ್ಪತ್ತನೆಯ ಶತಮಾನ ಬೇಕಾಯಿತು, ಅದರ ಹಿಂದೆ ಹಲವು ಬಾರಿ ಸಂಕಟವಿತ್ತು. ಅಮೆರಿಕದ ಒರೆಗಾನ್ ರಾಜ್ಯ 1922ರಲ್ಲಿ ಮಕ್ಕಳೆಲ್ಲ ಸರ್ಕಾರಿ ಶಾಲೆಗೇ ಹೋಗಬೇಕೆಂದು ಕಾನೂನು ತಂದಾಗ, ಕನ್ಯಾಸ್ತ್ರೀಯರ ಸಂಘವೊಂದು ನ್ಯಾಯಾಲಯಕ್ಕೆ ಹೋಯಿತು. 1925ರಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಶಿಕ್ಷಣವನ್ನು ನಿರ್ದೇಶಿಸುವ ಹಕ್ಕು ತಂದೆತಾಯಿಯರದು ಎಂದು ಆ ಕಾನೂನನ್ನು ತಳ್ಳಿಹಾಕಿತು. ಸ್ಪೇನಿನಲ್ಲಿ 1933ರ ಗಣರಾಜ್ಯ ಸರ್ಕಾರ ಸನ್ಯಾಸಿ ಸಂಘಗಳು ಪಾಠ ಹೇಳುವುದನ್ನೇ ನಿಷೇಧಿಸಿದಾಗ ಗೃಹಸ್ಥರು ಕಂಪನಿಗಳನ್ನು ನೋಂದಾಯಿಸಿ ಅವುಗಳ ಹೆಸರಿನಲ್ಲಿ ಶಾಲೆ ಮುಂದುವರಿಸಿದರು. 1965ರ ಅಕ್ಟೋಬರ್ 28ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯ ಶಿಕ್ಷಣ ಘೋಷಣೆ ಹೆತ್ತವರೇ ಮೊದಲ ಶಿಕ್ಷಕರು ಎಂದು ಸಾರಿತು. ಅದೇ ದಶಕದಲ್ಲಿ ಅಮೆರಿಕದ ಕ್ಯಾಥೊಲಿಕ್ ಶಾಲೆಗಳಿಂದ ಕನ್ಯಾಸ್ತ್ರೀಯರು ವಿರಳವಾಗತೊಡಗಿದ್ದರು. 1969ರಲ್ಲಿ ವಾಷಿಂಗ್‌ಟನ್ನಿನ ಕೆಲವು ಗೃಹಸ್ಥರು ‘ದ ಹೈಟ್ಸ್’ ಎಂಬ ಗಂಡುಮಕ್ಕಳ ಶಾಲೆ ತೆರೆದರು. ಸಿಡ್ನಿಯ ಪೋಷಕರ ಪ್ರತಿಷ್ಠಾನ 1986ರಲ್ಲಿ ರೆಡ್‌ಫೀಲ್ಡ್ ಕಾಲೇಜನ್ನು ತೆರೆಯಿತು. ಇವುಗಳಲ್ಲಿ ಆತ್ಮಿಕ ಮಾರ್ಗದರ್ಶನ ಓಪಸ್ ದೇಯಿ ಎಂಬ ಕ್ಯಾಥೊಲಿಕ್ ಸಂಸ್ಥೆಯ ಗುರುಗಳದು, ಆಡಳಿತ ಗೃಹಸ್ಥರದು. ಎಜ್‌ಬಾಸ್ಟನ್ನಿನ ಏರ್ಪಾಡನ್ನು ತಿರುವಿಹಾಕಿದ ಹಾಗೆ.

ಫ್ರಾನ್ಸೆಸ್ ವುಟನ್ 1876ರಲ್ಲಿ ತೀರಿಕೊಂಡರು, ನ್ಯೂಮನ್ 1890ರಲ್ಲಿ. ಆಕೆ ತೀರಿದ ನಾಲ್ಕು ವರ್ಷಕ್ಕೆ ಸೇರಿದ ಹುಡುಗನೊಬ್ಬ ಮುಂದೆ ಲೇಖಕನಾದ ಹಿಲೇರ್ ಬೆಲಕ್. ಮಹಿಳೆಯರ ಹಕ್ಕಿಗಾಗಿ ಹೋರಾಡಿದ್ದ ವಿಧವೆ ತಾಯಿ ಬೆಸ್ಸಿ ರೇನರ್ ಪಾರ್ಕ್ಸ್ ಅವನನ್ನು ಅಲ್ಲಿಗೆ ಸೇರಿಸಿದ್ದರು. ಶಾಲೆ 1922ರಲ್ಲಿ ರೆಡಿಂಗ್ ಬಳಿಯ ಕ್ಯಾವರ್ಷಮ್ ಪಾರ್ಕಿಗೆ ಹೋಯಿತು. ಎರಡನೆಯ ಮಹಾಯುದ್ಧದಲ್ಲಿ ಆ ಬಂಗಲೆ ಬಿಬಿಸಿಯ ಪಾಲಾಗಿ, ಪರದೇಶಗಳ ರೇಡಿಯೊ ಆಲಿಸುವ ಕೇಂದ್ರವಾಯಿತು. ಹುಡುಗರು 1942ರಲ್ಲಿ ವುಡ್‌ಕೋಟ್ ಹಳ್ಳಿಗೆ ಬಂದರು. ಶಾಲೆ ಈಗಲೂ ಅಲ್ಲೇ ಇದೆ. 2020ರಿಂದ ಹುಡುಗಿಯರನ್ನೂ ಸೇರಿಸಿಕೊಳ್ಳುತ್ತಿದೆ.