ಬಿನ್ನಿಪೇಟೆ ಎಂಬ ಕ್ಷೇತ್ರವೊಂದಿತ್ತು



ಮೊನ್ನೆ ಹಳೆಯ ಕಾಗದಪತ್ರಗಳನ್ನು ಜೋಡಿಸುತ್ತಿದ್ದಾಗ ನನ್ನ ಮೊದಲ ಮತದಾರರ ಗುರುತಿನ ಚೀಟಿ ಕೈಗೆ ಸಿಕ್ಕಿತು. ವಿಳಾಸ ವಿಜಯನಗರದ್ದು, ವಿಧಾನಸಭಾ ಕ್ಷೇತ್ರ ಬಿನ್ನಿಪೇಟೆ. ಅದನ್ನು ನೋಡಿದ ಮೊಮ್ಮಗಳು, "ತಾತ, ಹಾಗೊಂದು ಕ್ಷೇತ್ರವೇ ಇಲ್ಲವಲ್ಲ!" ಎಂದಳು. ಅವಳ ಮಾತು ನಿಜ. 2008ರಿಂದ ಆ ಹೆಸರು ವಿಧಾನಸಭೆಯ ಪಟ್ಟಿಯಲ್ಲಿಲ್ಲ. ಅದು ಹೇಗೆ ಅಳಿಯಿತೆಂಬುದನ್ನು ಅವಳಿಗೆ ಹೇಳಿದಂತೆ ನಿಮಗೂ ಹೇಳಬೇಕೆನಿಸಿತು.

1978ರ ಚುನಾವಣೆಯ ವೇಳೆಗೆ ನಮ್ಮ ವಿಧಾನಸಭೆಯ ಸ್ಥಾನಗಳು 216ರಿಂದ 224ಕ್ಕೆ ಏರಿದವು. ಆಗಿನ ಕ್ಷೇತ್ರಗಳ ಗಡಿಗಳಿಗೆ 1971ರ ಜನಗಣತಿಯೇ ಆಧಾರ. 1976ರಲ್ಲಿ ಸಂವಿಧಾನದ 42ನೆಯ ತಿದ್ದುಪಡಿ ಸ್ಥಾನಗಳ ಮರುಹಂಚಿಕೆಯನ್ನು ತಡೆಹಿಡಿಯಿತು. ಜನಸಂಖ್ಯೆಯನ್ನು ನಿಯಂತ್ರಿಸಿದ ರಾಜ್ಯಗಳಿಗೆ ಪ್ರಾತಿನಿಧ್ಯದಲ್ಲಿ ನಷ್ಟವಾಗಬಾರದೆಂಬುದು ಅದರ ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ರಾಜ್ಯದ ಒಳಗಿನ ಗಡಿಗಳೂ ಅದರೊಂದಿಗೆ ಹೆಪ್ಪುಗಟ್ಟಿದವು. 1978ರಿಂದ 2004ರವರೆಗೆ ಏಳು ಚುನಾವಣೆಗಳು ಒಂದೇ ನಕ್ಷೆಯ ಮೇಲೆ ನಡೆದವು.

ನಕ್ಷೆ ನಿಂತಿತು, ಜನರು ನಿಲ್ಲಲಿಲ್ಲ. 1949ರಲ್ಲಿ ರಾಜಾಜಿಯವರ ಹೆಸರಿನಲ್ಲಿ ಆರಂಭವಾದ ರಾಜಾಜಿನಗರದ ಆಚೆಗೂ ಊರು ಬೆಳೆಯಿತು. ಬಸವೇಶ್ವರನಗರ, ವಿಜಯನಗರಗಳು ತುಂಬಿದವು. ಕೆಂಗೇರಿಯ ಹೊಲಗಳಲ್ಲಿ ನಿವೇಶನದ ಕಲ್ಲುಗಳು ಎದ್ದವು. ವಿಜಯನಗರದ ಮತದಾರರು ಬಟ್ಟೆಯ ಗಿರಣಿಯೊಂದರ ಹೆಸರು ಹೊತ್ತ ಬಿನ್ನಿಪೇಟೆಯಲ್ಲಿಯೇ ಉಳಿದರು. ಕೆಂಗೇರಿಯವರು ವಿಶಾಲವಾದ ಉತ್ತರಹಳ್ಳಿಯಲ್ಲಿ.

ಇದರ ಪರಿಣಾಮವನ್ನು ನನಗೆ ಕಲಿಸಿದವನು ನನ್ನ ವಿದ್ಯಾರ್ಥಿಯೇ. 2001ರ ಜನಗಣತಿಯ ಅಂಕಿಗಳು ಬಂದಿದ್ದ ವರ್ಷ. ಹತ್ತನೆಯ ತರಗತಿಯ ಪೌರನೀತಿ ಪಾಠದಲ್ಲಿ, ಎಲ್ಲರ ಮತಕ್ಕೂ ಒಂದೇ ಬೆಲೆ ಎಂದು ಹೇಳಿ ಮುಗಿಸಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸಾರ್, ಭಾಗಾಕಾರ ಮಾಡಿದರೆ ಹಾಗೆ ಬರುವುದಿಲ್ಲ" ಎಂದ. ಗದರಿಸಲು ಹೊರಟವನು ಸೀಮೆಸುಣ್ಣವನ್ನು ಅವನ ಕೈಗೇ ಕೊಟ್ಟೆ.

ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 65.37 ಲಕ್ಷ, ಸ್ಥಾನಗಳು ಆನೇಕಲ್ ಸೇರಿ 16. ಒಬ್ಬ ಶಾಸಕರಿಗೆ ಸುಮಾರು 4.09 ಲಕ್ಷ ಜನ. ರಾಜ್ಯದ ಉಳಿದ 208 ಸ್ಥಾನಗಳಲ್ಲಿ ತಲಾ 2.23 ಲಕ್ಷ. ಅಂದರೆ ನಮ್ಮ ಮತದ ತೂಕ ಇತರರ ಮತದ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ನಾನು ಏನೂ ಉತ್ತರಿಸಲಾರದೆ ನಿಂತಿದ್ದೆ.

ಉತ್ತರ ಬರಲು 2008 ಬೇಕಾಯಿತು. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಆಯೋಗವು 2001ರ ಜನಗಣತಿಯನ್ನು ಆಧರಿಸಿ ಗಡಿಗಳನ್ನು ಹೊಸದಾಗಿ ಎಳೆಯಿತು. ಆ ನಕ್ಷೆಯ ಮೇಲೆ ದೇಶದಲ್ಲಿ ಮೊದಲು ನಡೆದ ವಿಧಾನಸಭಾ ಚುನಾವಣೆ ನಮ್ಮ ಕರ್ನಾಟಕದ್ದೇ. ಜಿಲ್ಲೆಯ 16 ಸ್ಥಾನಗಳು 28 ಆದವು. ಬಿನ್ನಿಪೇಟೆ, ಉತ್ತರಹಳ್ಳಿಗಳ ಹೆಸರು ಅಳಿದು ವಿಜಯನಗರ, ಗೋವಿಂದರಾಜನಗರ, ಮಹಾಲಕ್ಷ್ಮಿ ಲೇಔಟ್ ಮೊದಲಾದ ಹೆಸರುಗಳು ಬಂದವು. ಕೆಂಗೇರಿ ಯಶವಂತಪುರ ಕ್ಷೇತ್ರಕ್ಕೆ ಸೇರಿತು.

ಪ್ರತಿನಿಧಿಗಳೂ ಗಡಿಯೊಂದಿಗೆ ಸರಿದರು. ಬಿನ್ನಿಪೇಟೆಯಿಂದ 1994ರಲ್ಲಿ ಜನತಾ ದಳದಿಂದ, 1999ರಲ್ಲಿ ಪಕ್ಷೇತರರಾಗಿ, 2004ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದಿದ್ದ ವಿ. ಸೋಮಣ್ಣನವರು 2008ರಲ್ಲಿ ಗೋವಿಂದರಾಜನಗರದಿಂದ ಆಯ್ಕೆಯಾದರು. ವಿಜಯನಗರದ ಮೊದಲ ಶಾಸಕರಾದವರು ಎಂ. ಕೃಷ್ಣಪ್ಪನವರು. 2004ರಲ್ಲಿ ರಾಜಾಜಿನಗರದಲ್ಲಿ ಎದುರಾಳಿಗಳಾಗಿದ್ದ ಎನ್.ಎಲ್. ನರೇಂದ್ರಬಾಬು ಮತ್ತು ಎಸ್. ಸುರೇಶ್ ಕುಮಾರ್ 2008ರಲ್ಲಿ ಇಬ್ಬರೂ ಗೆದ್ದರು: ಮೊದಲನೆಯವರು ಮಹಾಲಕ್ಷ್ಮಿ ಲೇಔಟಿನಲ್ಲಿ, ಎರಡನೆಯವರು ರಾಜಾಜಿನಗರದಲ್ಲಿ.

ನಮಗೆ ನ್ಯಾಯ ದೊರೆಯಿತೆಂದು ನಾನು ಸಂತೋಷಪಟ್ಟಿದ್ದೆ. ಆದರೆ ಒಟ್ಟು ಸ್ಥಾನ 224 ಆಗಿಯೇ ಉಳಿದುದರಿಂದ, ನಮಗೆ ಬಂದ 12 ಸ್ಥಾನಗಳು ಬೇರೆ ಜಿಲ್ಲೆಗಳಿಂದಲೇ ಬರಬೇಕಾಯಿತು. ಕೊಡಗಿನ ಮೂರು ಕ್ಷೇತ್ರಗಳು ಎರಡಾದವು. ಸೋಮವಾರಪೇಟೆಯ ಹೆಸರು ಹೋಯಿತು. ಅಲ್ಲಿನ ನಮ್ಮ ಬಂಧುವೊಬ್ಬರು, "ನೀವು ಎಣಿಸಿದ್ದು ತಲೆಗಳನ್ನು, ಮಳೆಗಾಲದಲ್ಲಿ ನಮ್ಮ ಊರಿಂದ ಊರಿಗೆ ಹೋಗುವ ದಾರಿಯನ್ನು ಎಣಿಸಿದವರು ಯಾರು?" ಎಂದು ಕೇಳಿದರು. ಆ ಮಾತಿನಲ್ಲಿಯೂ ಹುರುಳಿದೆ. ಗುಡ್ಡಗಾಡಿನ ಶಾಸಕರನ್ನು ಕಾಣಲು ಅರ್ಧ ದಿನ ಬೇಕು.

ಆದರೂ ತಲೆಯೆಣಿಕೆಯನ್ನು ಬಿಟ್ಟರೆ ಬೇರೆ ನ್ಯಾಯವಾದ ಅಳತೆಗೋಲು ನನಗೆ ತೋಚುವುದಿಲ್ಲ. ದಾರಿ ದೂರವಿದ್ದರೆ ಸರ್ಕಾರ ಕಚೇರಿಯನ್ನು ಹತ್ತಿರ ತರಬಹುದು. ಕುಗ್ಗಿದ ಮತವನ್ನು ಸರಿಪಡಿಸಲು ಗಡಿಯನ್ನೇ ತಿದ್ದಬೇಕು. 2008ರ ನಕ್ಷೆ ತಲಾ 2.33 ಲಕ್ಷಕ್ಕೆ ತಂದಿದ್ದ ಸಮತೋಲ ಹೆಚ್ಚು ಕಾಲ ಉಳಿಯಲೂ ಇಲ್ಲ. 2011ರ ಜನಗಣತಿಯಲ್ಲಿಯೇ ನಮ್ಮ ಜಿಲ್ಲೆಯ ಸ್ಥಾನವೊಂದಕ್ಕೆ 3.44 ಲಕ್ಷ ಜನ, ಹೊರಗೆ 2.63 ಲಕ್ಷ. 2001ರ 84ನೆಯ ತಿದ್ದುಪಡಿ, 2026ರ ನಂತರದ ಮೊದಲ ಜನಗಣತಿಯವರೆಗೆ ಸ್ಥಾನಸಂಖ್ಯೆಯನ್ನು ಕಟ್ಟಿಹಾಕಿತು.

ಹೊಸ ಅಂಕಿಗಳು ಬಂದಾಗ ಯಾವ ಹೆಸರು ಅಳಿಯುವುದೋ, ಯಾವುದು ಹುಟ್ಟುವುದೋ! ಆ ದಿನ ನೀವೂ ಒಮ್ಮೆ ಸೀಮೆಸುಣ್ಣ ಹಿಡಿದು ಭಾಗಾಕಾರ ಮಾಡಿರಿ. ನಿಮ್ಮ ಊರಿನದನ್ನು ಮಾತ್ರವಲ್ಲ, ಸೋಮವಾರಪೇಟೆಯದನ್ನೂ. ಹಳೆಯ ಚೀಟಿಯನ್ನು ನಾನು ಮೊಮ್ಮಗಳ ಸಮಾಜ ವಿಜ್ಞಾನದ ಪುಸ್ತಕದೊಳಗೆ ಇಟ್ಟಿದ್ದೇನೆ.