ಕುಂಬಳದ ಹೂವು, ತುಡುವೆ, ನನ್ನ ಕಾಲ್ಗುಣ

ನನ್ನ ತವರು ಜಗಳೂರು ಕಡೆ, ಕೊಟ್ಟಿದ್ದು ಚನ್ನಗಿರಿಗೆ. ಈಗ ಎರಡೂ ದಾವಣಗೆರೆ ಜಿಲ್ಲೆ. ಆಗ ಹಂಗಿರ್ಲಿಲ್ಲ ನೋಡ್ರಿ, 1997ರ ತನಕ ಜಗಳೂರು ಚಿತ್ರದುರ್ಗಕ್ಕೆ, ಚನ್ನಗಿರಿ ಶಿವಮೊಗ್ಗಕ್ಕೆ ಸೇರಿತ್ತು. ಮಳೆಗೆ ಬಾಯಿ ಬಿಡೋ ಊರಿಂದ ಅಡಿಕೆ ತೋಟದ ಊರಿಗೆ ಬಂದ ನಂಗೆ ಹಿತ್ತಲು ಅಂದ್ರೇನು ಅಂತ ಗೊತ್ತಾಗಿದ್ದೇ ಇಲ್ಲಿ.

ಬಂದದ್ದು 1991ರಲ್ಲಿ. ಹಿತ್ತಲ ಹಳೇ ಗೋಡೆ ಪೊಟರೇಲಿ ತುಡುವೆ ಜೇನು ಕಟ್ಟಿತ್ತು. ಅತ್ತೆ ಅದನ್ನ ಯಾರಿಗೂ ಮುಟ್ಟಾಕೆ ಬಿಡ್ತಿರ್ಲಿಲ್ಲ. ಮರುವರ್ಷ ಗೂಡು ಖಾಲಿ. ಆ ಸಲ ಸಿಹಿಗುಂಬಳದ ಬಳ್ಳಿ ತುಂಬ ಹೂವು ಬಿಟ್ರೂ ಕಾಯಿ ನಿಲ್ಲಲಿಲ್ಲ, ಪೀಚು ಹಳದಿಯಾಗಿ ಉದುರಿದ್ವು. "ಹೊಸ ಸೊಸೆ ಕಾಲ್ಗುಣ" ಅಂದ್ರು. ಎದುರಿಗೆ ಅಲ್ಲ, ನೀರು ಸೇದೋ ಹತ್ರ, ನಂಗೆ ಕೇಳೋ ಹಂಗೆ. ಹೊನ್ನಾಳಿ, ನ್ಯಾಮತಿ ಕಡೆ ನೆಂಟರ ಮನೇಲೂ ಜೇನು ಹೋಗಿತ್ತಂತೆ. ಅಲ್ಲಿಗೆಲ್ಲ ನನ್ನ ಕಾಲು ಯಾವಾಗ ಹೋಗಿತ್ತೋ!

ಎಷ್ಟೋ ವರ್ಷ ಆದ್ಮೇಲೆ ಜೇನು ಸಾಕೋರೊಬ್ರು ಹೇಳಿದ್ರು. ಅದು ಥಾಯ್ ಸ್ಯಾಕ್‌ಬ್ರೂಡ್ ಅನ್ನೋ ವೈರಸ್ ರೋಗ. ಮೊದಲು ಥಾಯ್ಲೆಂಡಿನಲ್ಲಿ ಗುರುತಿಸಿದ್ದಕ್ಕೆ ಆ ಹೆಸರು. 1991-92ರಲ್ಲಿ ಕರ್ನಾಟಕಕ್ಕೆ ಬಂದು ದಕ್ಷಿಣದ ತುಡುವೆ ಸಂಸಾರಗಳಲ್ಲಿ ಬಹುಪಾಲನ್ನ ಮುಗಿಸ್ತು. ಮರಿಹುಳ ಗೂಡಿನೊಳಗೇ ನೀರು ತುಂಬಿದ ಚೀಲದಂಗೆ ಆಗಿ ಸಾಯ್ತದೆ. ಹೊಸ ಹುಳ ಹುಟ್ಟದೆ ಸಂಸಾರ ಕರಗ್ತದೆ. ಕುಂಬಳದ ಪರಾಗ ಅಂಟಂಟು, ಗಾಳೀಲಿ ಹಾರಲ್ಲ. ಗಂಡು ಹೂವಿಂದ ಹೆಣ್ಣು ಹೂವಿಗೆ ಹುಳಾನೇ ಹೊರಬೇಕು, ಅದೂ ಬೆಳಗಾಗ, ಮಧ್ಯಾಹ್ನದೊಳಗೆ ಹೂವು ಮುದುಡೋ ಮುಂಚೆ. ಈಗ ನಾನೇ ಗಂಡು ಹೂವು ಕಿತ್ತು, ಎಸಳು ಹರಿದು, ಬುಡದಾಗೆ ಪುಟ್ಟ ಕಾಯಿ ಇರೋ ಹೂವಿಗೆ ತೀಡ್ತೀನಿ.

ಇನ್ನೊಂದು ತಮಾಷೆ. ದೀಪಾವಳಿ ಪಾಡ್ಯಕ್ಕೆ ಸಗಣಿ ಹಟ್ಟಿಲಕ್ಕವ್ವನಿಗೆ ಕುಂಬಳದ ಹೂವು, ಚೆಂಡು ಹೂವು ಸಿಕ್ಕಿಸ್ತೀವಲ್ಲ, ಎರಡರ ತವರೂ ಅಮೆರಿಕ ಖಂಡ. ಚೆಂಡು ಹೂವು ಮೆಕ್ಸಿಕೋದ್ದು, ಪೋರ್ಚುಗೀಸರು ಹಡಗು ಹಚ್ಚಿದ ಮೇಲೆ ನಮ್ಮ ಕಡೆ ಬಂದದ್ದು. ದೂರದಿಂದ ಬಂದ ಹೂವಿಗೆ ಯಾರೂ ಕಾಲ್ಗುಣ ಕೇಳಲಿಲ್ಲ.

ತಿಪ್ಪೆ ವಿಷಯದಾಗೆ ಮಾತ್ರ ಅತ್ತೇದೇ ಸರಿ. ಸಗಣಿ, ಬೂದಿ, ಕಸ ಒಂದರ ಮೇಲೊಂದು ಹಾಸಿ, ಮೇಲೆ ಮಣ್ಣು ಮೆತ್ತಿ, ಕೆದಕದೆ ಬಿಡೋರು. ಇಂದೋರಿನಲ್ಲಿ ಆಲ್ಬರ್ಟ್ ಹೊವಾರ್ಡ್ ಅನ್ನೋರು ತೋರಿಸಿದ ಗೊಬ್ಬರದ ಪದ್ಧತೀಲಿ ರಾಶೀನ ಆಗಾಗ ತಿರುವಬೇಕು. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ.ಎನ್. ಆಚಾರ್ಯರು ಬೇರೆ ದಾರಿ ಹಿಡಿದ್ರು. ಊರ ಕಸ, ಪಾಯಖಾನೆ ಹೊಲಸು ಗುಂಡಿಗೆ ಪದರ ಪದರ ತುಂಬಿ, ಮಣ್ಣು ಮುಚ್ಚಿ, ಆರೆಂಟು ತಿಂಗಳು ಬಿಡೋದು. ಅದಕ್ಕೆ ಬೆಂಗಳೂರು ಪದ್ಧತಿ ಅಂತಲೇ ಹೆಸರು. ಓದಿದಾಗ ಅತ್ತೆ ಗುಂಡೀನೇ ಕಣ್ಣಿಗೆ ಬಂತು. ಈಗ ನಮ್ಮೂರಾಗೆ ಅಡಿಕೆ ಸಿಪ್ಪೇನ ರಸ್ತೆ ಬದಿ ಸುರಿದು ಬೆಂಕಿ ಹಚ್ತಾರೆ, ಅದಕ್ಕೇನನ್ನೋದು.

ಜೇನಿನ ರೋಗದ ಸುದ್ದೀನ ಅತ್ತೆ ಇರೋವಾಗ್ಲೇ ಹೇಳ್ದೆ. ಸುಮ್ಮನೆ ಕೇಳಿಸ್ಕೊಂಡ್ರು. "ಹುಳಕ್ಕೂ ರೋಗ ಬರ್ತದೇನೆ?" ಅಂದ್ರು. ಆಮೇಲೆ, "ಆ ಪೊಟರೆಗೆ ಸಿಮೆಂಟ್ ಹಾಕಬ್ಯಾಡ ಅಂತ ನಿನ್ನ ಗಂಡಂಗೆ ಹೇಳು" ಅಂತ ಎದ್ದು ಹೋದ್ರು. ಇನ್ನೂ ಹಾಕಿಲ್ಲ.